ಒಂದೇ ಸಲ ಕೇಳಿದ ಡ್ರೈವರ್

ನಮ್ಮ ಸೈಕಲ್ ಗುಂಪಿನಲ್ಲಿ ಏಳು ಗಂಡಸರು, ಎಂಟನೆಯವಳು ನಾನು. ಏಳು ಮಂದಿಗೂ ನನ್ನ ಮೇಲೆ ಬಹಳ ಗೌರವವಿತ್ತು. ಗೌರವಕ್ಕೆ ಕಾರಣ ನನ್ನ ಸೈಕಲ್ ಸವಾರಿಯಲ್ಲ, ಪ್ರತಿ ಶುಕ್ರವಾರ ಬೆಳಿಗ್ಗೆ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಬರುತ್ತಿದ್ದ ಡಬ್ಬಿ. ಒಂದು ವಾರ ಗೋಳಿಬಜೆ, ಒಂದು ವಾರ ಪತ್ರೊಡೆ, ಕೆಸುವಿನ ಎಲೆ ಸಿಗದ ವಾರ ಬನ್ಸ್. ಯಾರೂ ತರಲು ಹೇಳಿರಲಿಲ್ಲ. ಹಾಗಾಗಿ ತಪ್ಪು ನನ್ನದೇ.

ಊರು ಬಿಟ್ಟು ಈ ಅರಬ್ ದೇಶಕ್ಕೆ ಬಂದ ನಾನು ಅಬ್ಬಾಸಿಯಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಊರವರ ರಕ್ತ ಪರೀಕ್ಷೆ ಮಾಡಿ ಮಾಡಿ ಒಂದು ದಿನ ಸುಮ್ಮನೆ ನನ್ನದನ್ನೂ ಮಾಡಿದೆ. ಸಕ್ಕರೆಯ ಅಂಕಿ ನೋಡಿ ಮಷೀನ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ಸಲ ಮಾಡಿದೆ. ಮಷೀನ್ ಚೆನ್ನಾಗಿಯೇ ಇತ್ತು. ಆ ವಾರವೇ ಸೈಕಲ್ ಕೊಂಡೆ. ಹತ್ತನೇ ಕ್ಲಾಸಿನ ಮಗಳು ನನ್ನ ಹೆಲ್ಮೆಟ್ ನೋಡಿ, "ಅಮ್ಮಾ, ಪ್ಲೀಸ್, ನಾಟ್ ಇನ್ ಫ್ರಂಟ್ ಆಫ್ ಮೈ ಸ್ಕೂಲ್" ಎಂದಳು. ಅವಳ ಶಾಲೆಯ ಮುಂದೆಯೇ ಮೂರು ಸುತ್ತು ಹೊಡೆದೆ. ಬೇಕೆಂದೇ ಹೊಡೆದದ್ದು.

ಫೆಬ್ರವರಿಯ ರಜೆಗೆ ಮೂರು ದಿನದ ಸವಾರಿ ಹೋಗುವುದೆಂದು ಗುಂಪು ತೀರ್ಮಾನಿಸಿತು. ಮೊದಲ ದಿನ ಅಬ್ಬಾಸಿಯಾದಿಂದ ದಕ್ಷಿಣಕ್ಕೆ, ಸಮುದ್ರದ ಬದಿಯ ಖಿರಾನ್‌ಗೆ. ಎರಡನೆಯ ದಿನ ವಫ್ರಾದ ತೋಟಗಳಿಗೆ. ಮೂರನೆಯ ದಿನ ಮೀನಾ ಅಬ್ದುಲ್ಲಾ ಊರಿನ ಮೇಲೆ ಹಾದು ಮನೆಗೆ. ಜೊತೆಗೆ ಸಾಮಾನು ಹೊರಲು ಬಾಡಿಗೆಯ ಪಿಕಪ್ ವ್ಯಾನ್ ಒಂದು. ಇದನ್ನೆಲ್ಲ ತೀರ್ಮಾನಿಸಿದ್ದು ಗುಂಪಿನಲ್ಲೇ ಒಬ್ಬರ ಹೋಟೆಲಿನಲ್ಲಿ, ಮಸಾಲೆ ದೋಸೆಯ ಮುಂದೆ. ಅಧ್ಯಕ್ಷತೆ ನಮ್ಮ ಕ್ಯಾಪ್ಟನ್ನರದು.

ಕ್ಯಾಪ್ಟನ್ ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಕೈಗವಸು ಹಾಕಿಕೊಳ್ಳಲಿಕ್ಕೇ ಅವರಿಗೆ ಐದು ನಿಮಿಷ ಬೇಕು. ಸೈಕಲ್ ತುಳಿಯುವುದಕ್ಕಿಂತ ಅದರ ಕುರಿತು ನಿಯಮ ಮಾಡುವುದರಲ್ಲಿ ಅವರಿಗೆ ಹೆಚ್ಚು ಸುಖ. ಅಂದು ಚಟ್ನಿಯಲ್ಲಿ ಬೆರಳು ಅದ್ದುತ್ತ ಹೇಳಿದರು:

"ಮೇಡಂ ಬರ್ತಾರೆ ಅಂದ್ಮೇಲೆ ಊಟದ ಚಿಂತೆ ಬಿಡಿ. ಸ್ಟವ್ ಇಟ್ಕೊಂಡು ವ್ಯಾನಲ್ಲಿ ಮುಂದೆ ಹೋಗಿರ್ತಾರೆ. ನಾವು ತಲುಪೋ ಹೊತ್ತಿಗೆ ಬಿಸಿಬಿಸಿಯಾಗಿ..."

"ನಾನು ಸೈಕಲಲ್ಲಿ ಬರುವುದು ಮಾರಾಯ್ರೆ," ಎಂದೆ.

ಕ್ಯಾಪ್ಟನ್ ನಗುನಗುತ್ತಲೇ ಒಂದು ನಿಯಮ ಹೊಸೆದರು. "ಸರಿ ಹಾಗಾದ್ರೆ. ಯಾರೇ ಆಗ್ಲಿ, ಮೂರು ದಿನದಲ್ಲಿ ಒಂದೇ ಒಂದ್ಸಲ ವ್ಯಾನ್ ಹತ್ತಿದ್ರೂ ಮುಂದಿನ ಟ್ರಿಪ್ಪಿಂದ ಅವರು ವ್ಯಾನಲ್ಲೇ. ಊಟದ ಡಿಪಾರ್ಟ್‌ಮೆಂಟ್ ಅವರದ್ದು." ಯಾರೇ ಆಗ್ಲಿ ಎಂದು ಹೇಳುವಾಗ ಏಳು ಜೊತೆ ಕಣ್ಣುಗಳೂ ನನ್ನ ಮೇಲೇ ಇದ್ದವು.

ಅಡುಗೆ ಮಾಡುವುದು ನನಗೆ ಬೇಸರದ ಕೆಲಸವಲ್ಲ. ಆದರೆ ಮನೆಯಲ್ಲಿ, ಸಂಘದ ಹಬ್ಬದಲ್ಲಿ, ಪರಿಚಯದವರ ಮಗುವಿನ ಹುಟ್ಟುಹಬ್ಬದಲ್ಲಿ, ಎಲ್ಲಿ ಹೋದರೂ ಯಾರಾದರೊಬ್ಬರು ನನ್ನ ಕೈಗೆ ಸೌಟು ಕೊಡುತ್ತಾರೆ. ಸೈಕಲಿನ ಮೇಲೆ ಕೂತ ಆ ಎರಡು ಗಂಟೆ ಮಾತ್ರ ಕೊಡಲಿಕ್ಕಾಗುವುದಿಲ್ಲ, ಕೈ ಹ್ಯಾಂಡಲಿನ ಮೇಲಿರುತ್ತದೆ. ಅದನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಏನೇ ಆಗಲಿ ವ್ಯಾನ್ ಹತ್ತುವುದಿಲ್ಲವೆಂದು ದೋಸೆಯ ಮೇಲೆ ಆಣೆ ಮಾಡಿದೆ. ಅರಬ್ಬೀ ಕಡಲಿನ ಉಪ್ಪು ನೀರು ಕುಡಿದು ಬೆಳೆದವಳ ಹಟ ಅದು.

ಮೊದಲ ದಿನ ನಾವೆಲ್ಲ ವೀರರು. ನಸುಕಿನಲ್ಲಿ ಹೊರಟು ಹೆದ್ದಾರಿಯ ಪಕ್ಕದ ರಸ್ತೆ ಹಿಡಿದೆವು. ಸೈಕಲ್ ತನ್ನಷ್ಟಕ್ಕೆ ಓಡುತ್ತಿತ್ತು. ಕ್ಯಾಪ್ಟನ್ ಕೈಗಡಿಯಾರ ನೋಡಿ ವೇಗ ಕೂಗಿ ಹೇಳುತ್ತಿದ್ದರು, ನಾವು ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತಿದ್ದೆವು. ಬೆನ್ನ ಹಿಂದೆ ವಾಯವ್ಯದ ಗಾಳಿ ತಳ್ಳುತ್ತಿದೆ, ಅದೇ ಗಾಳಿಯ ಎದುರು ಮೂರನೆಯ ದಿನ ವಾಪಸು ಬರಬೇಕು ಎಂಬುದು ಎಂಟು ವಿದ್ಯಾವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ರಜೆಯ ಮೋಜಿಗೆ ಹೊರಟ ಕಾರುಗಳಿಂದ ಹುಡುಗರು ನಮ್ಮನ್ನು ವಿಡಿಯೊ ಮಾಡಿದರು, ಒಂದು ಮನೆಯವರು ಗಾಡಿ ನಿಲ್ಲಿಸಿ ತಣ್ಣನೆಯ ನೀರಿನ ಬಾಟಲಿ ಹಂಚಿದರು. ಆ ಗಾಡಿಯ ಅಜ್ಜಿಯೊಬ್ಬರು ನನ್ನನ್ನು ನೋಡಿ ಅರಬ್ಬಿಯಲ್ಲಿ ಏನೋ ಹೇಳಿ ಹೆಬ್ಬೆರಳು ಎತ್ತಿದರು. ಆ ಹೆಬ್ಬೆರಳಿನ ಮೇಲೆ ನಾನು ಹತ್ತು ಕಿಲೋಮೀಟರ್ ಹೋದೆ.

ಗಂಡಸರು ಎಲ್ಲದಕ್ಕೂ ತಯಾರಿ ಮಾಡಿದ್ದರು. ಪಂಕ್ಚರ್ ಸಾಮಾನು, ಹೆಚ್ಚಿನ ಟ್ಯೂಬು, ಕಾಲಿಗೆ ತಿಕ್ಕುವ ಮೂರು ಬಗೆಯ ಎಣ್ಣೆ. ಹೆಂಗಸೊಬ್ಬಳು ಮರುಭೂಮಿಯಲ್ಲಿ ಒಂದಕ್ಕೆ ಎಲ್ಲಿ ಹೋಗಬೇಕು ಎಂಬ ಸಂಗತಿ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ನನ್ನ ಪಟ್ಟಿಯಲ್ಲಿತ್ತು. ದಾರಿಯ ಪೆಟ್ರೋಲ್ ಬಂಕು, ಹೆಂಗಸರ ಬಾಗಿಲಿರುವ ಮಸೀದಿ, ಎಲ್ಲವನ್ನೂ ಹಿಂದಿನ ವಾರವೇ ಗಂಡನ ಕಾರಿನಲ್ಲಿ ಹೋಗಿ ನೋಡಿಕೊಂಡು ಬಂದಿದ್ದೆ. ನಾನು ನಿಂತಲ್ಲೆಲ್ಲ ಕ್ಯಾಪ್ಟನ್ ಕೂಡ ನಿಲ್ಲಬೇಕಿತ್ತು, ಏಕೆಂದರೆ ಕ್ಯಾಪ್ಟನ್ ಎಲ್ಲರ ಕೊನೆಯಲ್ಲಿ ಬರಬೇಕು ಎಂಬುದು ಅವರದೇ ನಿಯಮ. ನನಗೆ ಅವಸರವಿಲ್ಲದಾಗಲೂ ಎರಡು ಸಲ ನಿಂತೆ.

ಖಿರಾನ್‌ನ ಬಾಡಿಗೆ ಮನೆಯಲ್ಲಿ ರಾತ್ರಿ ಕಳೆಯಿತು. ಬೆಳಿಗ್ಗೆ ನೋಡಿದರೆ ಬಾಲ್ಕನಿಯ ತಂತಿಯಲ್ಲಿ ಏಳು ಜೊತೆ ಸೈಕಲ್ ಚಡ್ಡಿಗಳು ಸಮುದ್ರದ ಕಡೆ ಮುಖ ಮಾಡಿ ತೂಗುತ್ತಿದ್ದವು. ಹೊತ್ತು ಹುಟ್ಟಿದ ಕೂಡಲೇ ಜಗಳವೂ ಹುಟ್ಟಿತು. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇಲ್ಲದೆ ಪೆಡಲ್ ತಿರುಗುವುದಿಲ್ಲ. ಮೈಸೂರು ಕಡೆಯವರ ಪ್ರಕಾರ ಬೆಳಿಗ್ಗೆ ಗಂಜಿ ಕುಡಿಯುವವರು ಆಸ್ಪತ್ರೆಯಲ್ಲಿರಬೇಕು. "ಜ್ವರಾನಾ ನಿಮಗೆಲ್ಲ?" ಎಂದು ಕ್ಯಾಪ್ಟನ್ ಪುಳಿಯೋಗರೆಯ ಪೊಟ್ಟಣ ಬಿಚ್ಚಿದರು. "ಬೆಳಗಾತ ಎಂತ ಹುಳಿ ತಿನ್ನುದು? ಎದೆ ಉರಿಯುದಿಲ್ವಾ?" ಎಂದು ನಮ್ಮ ಗುಂಪಿನ ಹೋಟೆಲಿನವರು ಕೇಳಿದರು. ಕೊನೆಗೆ ಇಬ್ಬರೂ ಎರಡನ್ನೂ ತಿಂದರು.

ನೆಟ್ಟಗೆ ಕೂರಲು ಆಗದವರು ಮೂರು ಮಂದಿ. ಯಾರ ಹಿಂಭಾಗ ಹೆಚ್ಚು ನೊಂದಿದೆ ಎಂಬುದನ್ನು ಸಭ್ಯ ಮಾತಿನಲ್ಲಿ ಹೇಳುವುದು ಹೇಗೆಂದು ಅವರು ನನ್ನೆದುರು ಪರದಾಡುತ್ತಿದ್ದರು. ನಾನು ಕ್ಲಿನಿಕ್ಕಿನವಳು, ದಿನಾ ಬಾಟಲಿಗಳಲ್ಲಿ ಏನೇನು ನೋಡುತ್ತೇನೆ ಎಂಬುದು ಅವರಿಗೆ ಗೊತ್ತಿಲ್ಲ. "ತೊಡೆ ಸಂದಿಗೆ ವ್ಯಾಸಲಿನ್ ಹಚ್ಚಿ," ಎಂದು ಗಟ್ಟಿಯಾಗಿ ಹೇಳಿ ಡಬ್ಬಿ ಮುಂದಿಟ್ಟೆ. ಐದು ನಿಮಿಷದಲ್ಲಿ ಡಬ್ಬಿ ಖಾಲಿ.

ಎರಡನೆಯ ದಿನ ದಾರಿಯೂ ಕಡಿಮೆ, ಗಾಳಿಯೂ ಬಿಡುವು ಕೊಟ್ಟಿತ್ತು. ಮಧ್ಯಾಹ್ನಕ್ಕೆ ವಫ್ರಾ. ಕ್ಯಾಪ್ಟನ್ನರ ಬ್ಯಾಂಕಿನ ಪರಿಚಯದವರೊಬ್ಬರ ತೋಟದಲ್ಲಿ ನಮಗೆ ಎರಡು ಕೋಣೆ ಸಿಕ್ಕಿದ್ದವು. ಸುತ್ತ ಹಸಿರುಮನೆಗಳ ಸಾಲು, ಒಳಗೆ ಸೌತೆ, ಟೊಮೆಟೊ, ಬೆವರಿಳಿಸುವ ಸೆಕೆ. ತೋಟದ ಮೇಲ್ವಿಚಾರಕ ಈಜಿಪ್ಟಿನವನು, ದೊಡ್ಡ ಹೊಟ್ಟೆ, ಅದಕ್ಕೂ ದೊಡ್ಡ ನಗು. ಅನ್ನ ಕೋಳಿ ತುಂಬಿದ ಹರಿವಾಣ ಹೊತ್ತು ತಂದು ನಮ್ಮ ಮುಂದಿಟ್ಟ. ನಮಗೋ ಹೊಟ್ಟೆಯೊಳಗೆ ಇಲಿಗಳ ಓಟ. ಆದರೂ ಎಂಟು ಮಂದಿ ಒಂದೇ ಕಂಠದಿಂದ, "ನೋ ನೋ, ಈಗಷ್ಟೇ ತಿಂದೆವು" ಎಂದೆವು.

ಇದು ನಮ್ಮ ಜಾಯಮಾನ. ಇನ್ನೊಬ್ಬರ ಮನೆಯಲ್ಲಿ ಏನು ಕೊಟ್ಟರೂ ಮೊದಲ ಸಲ ಬೇಡ, ಎರಡನೆಯ ಸಲವೂ ಬೇಡ, ಮೂರನೆಯ ಸಲ "ಸ್ವಲ್ಪವೇ ಸಾಕು" ಎನ್ನಬೇಕು. ಮೊದಲ ಸಲಕ್ಕೇ ಹೂಂ ಅನ್ನುವವರನ್ನು ನನ್ನ ಅಮ್ಮ ಹಸಿದ ಮನೆಯಿಂದ ಬಂದವರು ಎಂದು ಕರೆಯುತ್ತಿದ್ದಳು. ಚಿಕ್ಕವಳಿದ್ದಾಗ ನೆಂಟರ ಮನೆಯಲ್ಲಿ ಒಂದೇ ಮಾತಿಗೆ ಹೋಳಿಗೆ ತೆಗೆದುಕೊಂಡದ್ದಕ್ಕೆ ದಾರಿಯುದ್ದಕ್ಕೂ ತೊಡೆ ಚಿವುಟಿಸಿಕೊಂಡಿದ್ದೇನೆ. ಕೊಡುವವರಿಗೂ ಈ ಆಟ ಗೊತ್ತಿರುತ್ತದೆ, ಹಾಗಾಗಿ ಯಾರೂ ಹಸಿದು ಏಳುವುದಿಲ್ಲ.

ಈಜಿಪ್ಟಿನವನಿಗೂ ಆಟ ಗೊತ್ತಿತ್ತು. ನಾವು ಮೂರು ಸಲ ಬೇಡ ಅಂದರೆ ಅವನು ನಾಲ್ಕು ಸಲ ದೇವರಾಣೆ ಇಟ್ಟ. ಹೋಟೆಲಿನವರ ಭುಜ ಹಿಡಿದು ಕೂರಿಸಿದ, ನನ್ನ ಮುಂದೆ ಕೋಳಿಯ ಕಾಲು ತಾನೇ ತಂದಿಟ್ಟ. ಸಂತೋಷದಿಂದ ಸೋತೆವು. ತೋಟದ ಕೆಲಸಗಾರರು ಕಿತ್ತು ತಂದ ಎಳೆ ಸೌತೆಯನ್ನೂ ಇದೇ ಕ್ರಮದಲ್ಲಿ ಬೇಡ ಬೇಡ ಎಂದು ಎರಡು ಬುಟ್ಟಿ ತಿಂದೆವು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎರಡು ದಿನ ಕಳೆಯಿತು, ಇನ್ನೊಂದೇ ದಿನ, ವ್ಯಾನಿನ ಮೆಟ್ಟಿಲು ನಾನು ಮುಟ್ಟಿಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ಮೂರನೆಯ ಬೆಳಿಗ್ಗೆ ತೋಟದ ಗೇಟು ದಾಟಿದ ಕೂಡಲೇ ಗಾಳಿ ಎದೆಗೆ ಕೈ ಇಟ್ಟು ನಿಲ್ಲಿಸಿತು. ಮೊದಲ ದಿನ ನಮ್ಮ ಕಾಲಿನ ಬಲ ಎಂದುಕೊಂಡದ್ದು ಯಾರದ್ದು ಎಂದು ಆಗ ತಿಳಿಯಿತು. ಎದುರಿನಿಂದ, ಸ್ವಲ್ಪ ಎಡದಿಂದ, ಬಿಡದೆ ಬೀಸುವ ಗಾಳಿ. ಜೊತೆಗೆ ಮರಳು. ಬಾಯಿ ಮುಚ್ಚಿದರೂ ಹಲ್ಲಿನ ನಡುವೆ ಕರಕರ. ಎಳೆಯರು ಐದು ಮಂದಿ ಒಬ್ಬರ ಹಿಂದೊಬ್ಬರು ಅಂಟಿಕೊಂಡು ಮುಂದೆ ಹೋಗಿಬಿಟ್ಟರು. ಹೋಟೆಲಿನವರು, ಆ ಗಂಜಿಯ ಬಲವೋ ಏನೋ, ಅವರನ್ನೇ ಹಿಂಬಾಲಿಸಿದರು. ಹಿಂದೆ ಉಳಿದದ್ದು ನಾನು ಮತ್ತು ನಿಯಮದ ಪ್ರಕಾರ ನನ್ನ ಹಿಂದೆ ಕ್ಯಾಪ್ಟನ್. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅವರೂ ಕಾಣಲಿಲ್ಲ.

ಮೀನಾ ಅಬ್ದುಲ್ಲಾಕ್ಕೆ ಇನ್ನೂ ಇಪ್ಪತ್ತು ಕಿಲೋಮೀಟರ್ ಇದೆ ಎನ್ನುವಲ್ಲಿ ನಾನು ಅಳುತ್ತಿದ್ದೆ. ನೋವಿಗಲ್ಲ, ಕೋಪಕ್ಕೆ. ಗಾಳಿಯ ಮೇಲೆ ಕೋಪ, ಕ್ಯಾಪ್ಟನ್ ಮೇಲೆ ಕೋಪ, ಏಳು ಮಂದಿಗೆ ಎರಡು ವರ್ಷ ಗೋಳಿಬಜೆ ಕರಿದು ತಿನ್ನಿಸಿದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಕೋಪ. ಪೆಡಲ್ ತಿರುಗುವುದೇ ಕಷ್ಟವಾಗಿತ್ತು. ಹಟವೆಲ್ಲ ಎಲ್ಲಿ ಹೋಯಿತೋ, ಊಟದ ಡಿಪಾರ್ಟ್‌ಮೆಂಟೇ ಇರಲಿ, ಸೌಟೇ ಇರಲಿ, ಈಗ ವ್ಯಾನ್ ಬಂದರೆ ಹತ್ತಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಇದನ್ನು ಇಲ್ಲಿಯವರೆಗೆ ಗುಂಪಿನಲ್ಲಿ ಯಾರಿಗೂ ಹೇಳಿಲ್ಲ.

ಹಿಂದಿನಿಂದ ವ್ಯಾನ್ ಬಂತು.

ಡ್ರೈವರ್ ಪೇಶಾವರದ ಕಡೆಯ ಹಿರಿಯರು, ಗೋರಂಟಿ ಹಚ್ಚಿದ ಗಡ್ಡ. ಮೂರು ದಿನದಲ್ಲಿ ಅವರ ಬಾಯಿಂದ ಮೂವತ್ತು ಮಾತು ಬಂದಿದ್ದರೆ ಹೆಚ್ಚು. ನನ್ನ ಪಕ್ಕಕ್ಕೆ ನಿಲ್ಲಿಸಿ ಕಿಟಕಿ ಇಳಿಸಿ ಕೇಳಿದರು. "ಬಹನ್, ಗಾಡೀ ಮೇ ಬೈಠೋಗೀ?"

ನನ್ನ ಇಡೀ ಮೈ ಹೂಂ ಅನ್ನುತ್ತಿತ್ತು. ಆದರೆ ನಾಲಿಗೆಗೆ ಅಮ್ಮ ಕಲಿಸಿದ ಪಾಠವೇ ಬೇರೆ. "ನಹೀ ನಹೀ ಭಾಯಿ, ಠೀಕ್ ಹೂ," ಎಂದು ನಕ್ಕೆ. ನಕ್ಕು, ಸೈಕಲಿನಿಂದ ಒಂದು ಕಾಲು ಕೆಳಗಿಟ್ಟು, ಎರಡನೆಯ ಸಲ ಕೇಳುವುದಕ್ಕೆ ಕಾದೆ.

"ಅಚ್ಛಾ," ಎಂದರು. ಕಿಟಕಿ ಏರಿತು. ವ್ಯಾನ್ ಹೊರಟೇಹೋಯಿತು.

ಹಾಗೂ ಉಂಟೇ? ಮನುಷ್ಯರು ಹೀಗೆ ಮಾಡುತ್ತಾರೆಯೇ? ಒಬ್ಬಳು ಹೆಂಗಸು, ಮೋರೆಯೆಲ್ಲ ಮರಳು ಮತ್ತು ಕಣ್ಣೀರು, ಬೇಡ ಅಂದರೆ ಬೇಡ ಎಂದು ಯಾರಿಗಾದರೂ ಅರ್ಥವಾಗುತ್ತದೆಯೇ? "ಓ ಭಾಯಿ!" ಎಂದು ಕೂಗಬೇಕೆಂದು ಬಾಯಿ ತೆರೆದೆ. ಆಗ ವ್ಯಾನಿನ ಹಿಂಭಾಗ ಕಣ್ಣಿಗೆ ಬಿತ್ತು.

ನೀರಿನ ಕ್ಯಾನುಗಳ ನಡುವೆ ಟಾರ್ಪಾಲಿನ ಕೆಳಗಿಂದ ಹೆಲ್ಮೆಟ್ ಹಾಕಿದ ತಲೆಯೊಂದು ಹೊರಗಿತ್ತು. ಪಕ್ಕದಲ್ಲಿ ಮಲಗಿಸಿದ ಸೈಕಲ್. ಎದೆಯ ಮೇಲೆ ಕೋಡುಬಳೆಯ ಡಬ್ಬಿ, ಕೈಗವಸು ಹಾಕಿದ ಕೈಯಲ್ಲಿ ಅರ್ಧ ಕಡಿದ ಕೋಡುಬಳೆ. ಕ್ಯಾಪ್ಟನ್ ನನ್ನನ್ನು ನೋಡಿದರು. ನಾನು ಕ್ಯಾಪ್ಟನ್ನರನ್ನು ನೋಡಿದೆ. ಅವರು ನಿಧಾನವಾಗಿ ಟಾರ್ಪಾಲನ್ನು ಮುಖದ ಮೇಲೆ ಎಳೆದುಕೊಂಡರು.

ನನಗೆ ಮೊದಲು ಬಂದದ್ದು ಕೋಪವಲ್ಲ, ಹೊಟ್ಟೆಕಿಚ್ಚು. ಅಲ್ಲಿ ನೆರಳಿತ್ತು, ಗಾಳಿಗೆ ಮರೆ ಇತ್ತು, ಕೋಡುಬಳೆಯೂ ಇತ್ತು. ಆಮೇಲೆ ನಗು ಬಂತು. ಒಬ್ಬಳೇ ರಸ್ತೆಯ ಬದಿ ನಿಂತು ಹೊಟ್ಟೆ ಹಿಡಿದು ನಕ್ಕೆ. ದೂರದಲ್ಲಿ ಎರಡು ಒಂಟೆ ನನ್ನನ್ನೇ ನೋಡುತ್ತಿದ್ದವು. ನಕ್ಕ ಮೇಲೆ ಕಾಲಿಗೆ ಸ್ವಲ್ಪ ಬಲ ಬಂದಂತಾಯಿತು. ಬೇರೆ ದಾರಿಯೂ ಇರಲಿಲ್ಲ. ತುಳಿದೆ. ಕೆಲವು ಕಡೆ ಇಳಿದು ತಳ್ಳಿದೆ. ತಳ್ಳಬಾರದು ಎಂದು ನಿಯಮದಲ್ಲಿ ಬರೆದಿರಲಿಲ್ಲ.

ಮೀನಾ ಅಬ್ದುಲ್ಲಾದ ಚಹಾದಂಗಡಿಯ ಮುಂದೆ ಎಲ್ಲರೂ ಕಾಲು ಚಾಚಿ ಕೂತಿದ್ದರು. ನನ್ನ ಗಂಡ ಅಲ್ಲೇ ರಿಫೈನರಿಯ ಗುತ್ತಿಗೆ ಕಂಪನಿಯಲ್ಲಿ ಕೆಲಸ ಮಾಡುವವರು. ಪಾಳಿ ಮುಗಿಸಿ ಬಾಳೆಹಣ್ಣಿನ ಗೊನೆ ಹಿಡಿದು ನಿಂತಿದ್ದರು. ಕ್ಯಾಪ್ಟನ್ ಕೂಡ ಇದ್ದರು, ಟವಲಿನಿಂದ ಬೆವರು ಒರೆಸಿಕೊಳ್ಳುತ್ತ. ಅರ್ಧ ಕಿಲೋಮೀಟರ್ ಹಿಂದೆ ವ್ಯಾನಿನಿಂದ ಇಳಿದು ತುಳಿದುಕೊಂಡು ಬಂದಿದ್ದರು ಎಂದು ಊಹಿಸಿದೆ. "ಈ ಗಾಳಿಯಲ್ಲೂ ಕ್ಯಾಪ್ಟನ್ ನಿಮ್ಮನ್ನು ಹಿಂದೆ ಹಾಕಿ ಬಂದರಲ್ಲ," ಎಂದು ಎಳೆಯರಲ್ಲೊಬ್ಬ ಮೆಚ್ಚಿ ಹೇಳಿದ.

"ಹೌದು, ನನ್ನ ಪಕ್ಕದಿಂದಲೇ ಹೋದದ್ದು," ಎಂದೆ. "ಕಣ್ಣು ಮುಚ್ಚಿ ಬಿಡುವುದರೊಳಗೆ ಮುಂದೆ ಹೋಗಿಬಿಟ್ಟರು." ಕ್ಯಾಪ್ಟನ್ ಟವಲಿನಿಂದ ಮುಖ ಹೊರಗೆ ತೆಗೆಯಲಿಲ್ಲ.

ಗಂಡ ನನ್ನನ್ನು ಪಕ್ಕಕ್ಕೆ ಕರೆದು ಬಾಳೆಹಣ್ಣು ಸುಲಿದು ಕೊಟ್ಟರು. "ವ್ಯಾನ್ ಹತ್ತಲೇ ಇಲ್ವಾ ನೀನು?"

"ಇಲ್ಲ."

"ಭಲೆ! ಹೇಗೆ ತಡ್ಕೊಂಡೆ?"

"ಅವರು ಎರಡನೇ ಸಲ ಕೇಳಲಿಲ್ಲ."

ಅವರಿಗೆ ಅರ್ಥವಾಗಲು ಮೂರು ಸೆಕೆಂಡು ಹಿಡಿಯಿತು. ಆಮೇಲೆ ನಕ್ಕ ನಗುವಿಗೆ ಚಹಾದಂಗಡಿಯವನು ಹೊರಗೆ ಬಂದು ನೋಡಿದ. ಅವರ ಅಮ್ಮನೂ ನನ್ನ ಅಮ್ಮನಂಥವಳೇ.

ವ್ಯಾನಿಗೆ ನೀರು ತುಂಬಿಸುವಾಗ ಡ್ರೈವರನ್ನು ಮೆಲ್ಲಗೆ ಕೇಳಿದೆ, ಹಿಂದೆ ಯಾರಿದ್ದರೆಂದು. ಅವರು ಗಡ್ಡ ನೀವಿಕೊಂಡರು. "ಮೈ ಡ್ರೈವರ್ ಹೂ ಬಹನ್, ಅಖಬಾರ್ ನಹೀ." ತಾನು ಸುದ್ದಿಪತ್ರಿಕೆಯಲ್ಲ ಎಂದ ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಗಾಳಿಯೂ ಇಳಿದಿತ್ತು, ಸಂಜೆಯ ಹೊತ್ತಿಗೆ ಎಂಟೂ ಮಂದಿ ತುಳಿದುಕೊಂಡೇ ಅಬ್ಬಾಸಿಯಾ ತಲುಪಿದೆವು. ಮಗಳು ಬಾಗಿಲು ತೆರೆದು, "ಯು ಆರ್ ಅಲೈವ್!" ಎಂದು ಫೋಟೊ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು.

ಮುಂದಿನ ಶುಕ್ರವಾರ ಅದೇ ಹೋಟೆಲಿನಲ್ಲಿ ಸಭೆ. ನಾನು ಡಬ್ಬಿ ತಂದಿರಲಿಲ್ಲ. ಸೈಕಲ್ ನಿಲ್ಲಿಸುವಾಗ ಎಲ್ಲರೂ ನನ್ನ ಹ್ಯಾಂಡಲ್ ನೋಡಿದರು.

ಆ ಏಳು ದಿನವೂ ನಾನು ಲೆಕ್ಕ ಹಾಕುತ್ತಲೇ ಇದ್ದೆ, ಹೇಳಲೋ ಬೇಡವೋ ಎಂದು. ಹೇಳಿದರೆ ಮಜವಿತ್ತು, ಸುಳ್ಳೇಕೆ. ಆದರೆ ಟಾರ್ಪಾಲಿನ ಕೆಳಗೆ ಇನ್ನೊಬ್ಬರಿಗೂ ಜಾಗವಿತ್ತು, ಡ್ರೈವರ್ ನಮ್ಮೂರಿನವರಾಗಿದ್ದು ಇನ್ನೊಂದು ಮಾತು ಕೇಳಿದ್ದರೆ ನಾನೂ ಅಲ್ಲೇ ಕೋಡುಬಳೆ ಕಡಿಯುತ್ತಿದ್ದೆ. ಅದು ನನಗೆ ಗೊತ್ತಿತ್ತು. ನಾನು ಗೆದ್ದದ್ದು ಹಟದಿಂದಲ್ಲ, ಉಪಚಾರದಿಂದ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಆದರೆ ಮುಚ್ಚಿಕೊಂಡಿದ್ದೇನೆ ಎಂದು ಕ್ಯಾಪ್ಟನ್‌ಗೆ ಹೇಳಲಿಲ್ಲ. ಅಷ್ಟು ಒಳ್ಳೆಯವಳು ನಾನಲ್ಲ.

ಕ್ಯಾಪ್ಟನ್ ಎದ್ದು ನಿಂತು ಭಾಷಣ ಮಾಡಿದರು. ಮೂರು ದಿನ ಯಾರೂ ವ್ಯಾನ್ ಹತ್ತಲಿಲ್ಲ ಎಂಬ ಜಾಗ ಬಂದಾಗ ಕೆಮ್ಮಿ ನೀರು ಕುಡಿದರು. ನನ್ನ ಕಡೆ ನೋಡಿದರು, ನಾನು ದೋಸೆ ಮುರಿಯುತ್ತ ಮುಗುಳ್ನಕ್ಕೆ. ಅದರಿಂದ ಅವರಿಗೆ ಇನ್ನಷ್ಟು ಗಾಬರಿಯಾಗಿರಬೇಕು, ಹೊಗಳಿಕೆ ನನ್ನ ಕಡೆ ತಿರುಗಿತು. ಮೇಡಂ ಅಂದರೆ ಛಲ, ಮೇಡಂ ಅಂದರೆ ಧೈರ್ಯ. ಏರುತ್ತ ಏರುತ್ತ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕೊನೆಗೆ, "ನಂಗೇನನ್ಸುತ್ತೆ ಅಂದ್ರೆ, ಮುಂದಿನ ಟ್ರಿಪ್ಪಿಗೆ ಮೇಡಮ್ಮೇ ಕ್ಯಾಪ್ಟನ್ ಆಗ್ಬೇಕು!" ಎಂದುಬಿಟ್ಟರು.

ಚಪ್ಪಾಳೆ ಬಿತ್ತು. ಅದು ಬಾಯುಪಚಾರದ ಮಾತೆಂದು ಹೇಳಿದವರಿಗೂ ಗೊತ್ತು, ಚಪ್ಪಾಳೆ ತಟ್ಟಿದವರಿಗೂ ಗೊತ್ತು. ನಾನು ಅಯ್ಯೋ ಬೇಡಪ್ಪ ಅನ್ನಬೇಕು, ಅವರು ಇನ್ನೊಂದು ಸಲ ಸುಮ್ಮನೆ ಒತ್ತಾಯಿಸಬೇಕು, ನಾನು ಇಲ್ಲ ನೀವೇ ಸರಿ ಅನ್ನಬೇಕು. ಅಲ್ಲಿಗೆ ಎಲ್ಲ ಮೊದಲಿನ ಹಾಗೆಯೇ ಇರುತ್ತದೆ. ಕ್ಯಾಪ್ಟನ್ ಆಗಲೇ ಕುರ್ಚಿ ಎಳೆದುಕೊಳ್ಳುತ್ತಿದ್ದರು.

"ಆಗ್ಬಹುದು," ಎಂದೆ.

ಕುರ್ಚಿ ಅರ್ಧದಲ್ಲೇ ನಿಂತಿತು. ಹೋಟೆಲಿನವರ ಕೈಯ ಸಾಂಬಾರಿನ ಸೌಟೂ ನಿಂತಿತು. "ಅಲ್ಲ ಮೇಡಂ, ನಾನು... ನಿಮಗೆ ಕಷ್ಟ ಆಗುತ್ತೇನೋ..." ಎಂದು ಕ್ಯಾಪ್ಟನ್ ಮಾತು ಹುಡುಕಿದರು.

"ಎಂತ ಕಷ್ಟವೂ ಇಲ್ಲ," ಎಂದೆ. ಐವತ್ತರ ಹತ್ತಿರ ಬಂದರೂ ನಾಲ್ಕು ಜನರ ಮುಂದೆ ಒಂದೇ ಮಾತಿಗೆ ಏನನ್ನಾದರೂ ತೆಗೆದುಕೊಂಡದ್ದು ಹೋಳಿಗೆಯ ನಂತರ ಅದೇ ಮೊದಲು. ಬಹಳ ಸಂತೋಷವಾಯಿತು.

ಆಮೇಲೆ ಉಳಿದದ್ದು ಊಟದ ಡಿಪಾರ್ಟ್‌ಮೆಂಟ್. ವ್ಯಾನ್ ಹತ್ತಿದವರು ಯಾರೂ ಇಲ್ಲದ ಮೇಲೆ ಅದು ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಅಭ್ಯಾಸಬಲದಿಂದ ಆರು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನಾನು ಏಳನೆಯವರ ಕಡೆ ನೋಡಿದೆ, ಸುಮ್ಮನೆ.

ಕ್ಯಾಪ್ಟನ್, ಅಂದರೆ ಮಾಜಿ ಕ್ಯಾಪ್ಟನ್, ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನಾನು ನೋಡ್ಕೋತೀನಿ ಬಿಡಿ," ಎಂದರು.

ಛೆ ಛೆ, ನಿಮಗೇಕೆ ತೊಂದರೆ, ನಾನೇ ಮಾಡ್ತೇನೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಕಾಫಿಯ ಜೊತೆ ನುಂಗಿದೆ.

"ಪುಳಿಯೋಗರೆಗೆ ಹುಳಿ ಸ್ವಲ್ಪ ಕಡಿಮೆ ಹಾಕಿ," ಎಂದೆ.